ಸಹಾಯ ಬೇಕು: ಅಕ್ಕನ ಮಗನಿಗೆ ಗೋಲ್ಡನ್ ಸನ್ ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು. ಅಕ್ಕನ ಮಗನಿಗೆ 11 ವರ್ಷ, ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದುತ್ತಾನೆ. ರಜೆಗೆ ಅವನಿಗೆ ನನ್ನ ಹಳೆಯ ಗೇಮ್ ಬಾಯ್ ಅಡ್ವಾನ್ಸ್ (ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಮಷಿನ್) ಕೊಡಬೇಕು ಅಂತಿದ್ದೇನೆ. ಜೊತೆಗೆ ಅದರಲ್ಲಿ ಆಡುವ 2001ರ ಸಾಹಸದ ಆಟ ಗೋಲ್ಡನ್ ಸನ್.

ಈ ಆಟ ನನಗೆ ತುಂಬಾ ಇಷ್ಟ. ಇದರಲ್ಲಿ ಮಂತ್ರಶಕ್ತಿ ಬರೀ ಜಗಳಕ್ಕಲ್ಲ. ಕಂಬ ಸರಿಸಿ ದಾರಿ ಮಾಡಬೇಕು, ಬಳ್ಳಿ ಬೆಳೆಸಿ ಹತ್ತಬೇಕು, ಊರಿನವರ ಮನಸ್ಸು ಓದಬೇಕು. ಹುಡುಕಿದರೆ ಜಿನ್ ಅನ್ನುವ 28 ಪುಟ್ಟ ಮಾಯಾಜೀವಿಗಳು ಸಿಗುತ್ತವೆ. ಜೊತೆಯಲ್ಲಿ ಇಟ್ಟುಕೊಂಡರೆ ನಮ್ಮ ಬಲ ಜಾಸ್ತಿ. ಯುದ್ಧದಲ್ಲಿ ಬಿಟ್ಟರೆ ಬಲ ಇಳಿಯುತ್ತದೆ, ಆದರೆ ದೊಡ್ಡ ಶಕ್ತಿಗಳನ್ನು ಕರೆಯಬಹುದು. ಯಾವಾಗ ಬಿಡಬೇಕು ಅನ್ನುವುದರಲ್ಲೇ ಮಜಾ ಇರುವುದು. ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಮಕ್ಕಳಿಗೆ ಅದು ಅನುಕೂಲ ಅಲ್ವಾ?

ಕೊರತೆಯೂ ಇದೆ. ಶುರುವಿನಲ್ಲಿ ಮಾತು ಮುಗಿಯುವುದೇ ಇಲ್ಲ. ಒಬ್ಬ ಶತ್ರು ಸತ್ತರೆ, ಅವನ ಮೇಲೆ ಇಟ್ಟಿದ್ದ ಮುಂದಿನ ಏಟು ಬೇರೆಯವನಿಗೆ ಹೋಗುವುದಿಲ್ಲ, ಸುಮ್ನೆ ವ್ಯರ್ಥ. ನನಗದು ಸರಿಯೇ ಅನಿಸುತ್ತದೆ, ಮುಂಚೆಯೇ ಯೋಚಿಸುವುದನ್ನು ಕಲಿಸುತ್ತದೆ. ಕಥೆ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ, ಉಳಿದದ್ದು ಇದರ ಮುಂದಿನ ಭಾಗವಾದ ದಿ ಲಾಸ್ಟ್ ಏಜ್ ಆಟದಲ್ಲಿ. (ನನ್ನ ಮಷಿನ್‌ನ ಪರದೆಗೆ ಬೆಳಕೂ ಇಲ್ಲ, ಹಗಲು ಜಗಲಿಯಲ್ಲೇ ಕೂತು ಆಡಬೇಕು.)

ನನ್ನ ಚಿಂತೆ ಇಂಗ್ಲಿಷ್‌ನದು. ಹುಡುಗ ನಿಧಾನವಾಗಿ ಓದುತ್ತಾನೆ. ನಿಮ್ಮ ಮಕ್ಕಳು ಇಂಥ ಆಟ ಆಡಿದ್ದಾರಾ? ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕಾ, ಅಥವಾ ಮಾತು ಕಡಿಮೆ ಇರುವ ಬೇರೆ ಆಟ ಮೊದಲು ಕೊಡಲಾ? ಕುಂಬಳೆ, ಮಂಗಳೂರು ಕಡೆ ಅಸಲಿ ಲಾಸ್ಟ್ ಏಜ್ ಕಾರ್ಟ್ರಿಡ್ಜ್ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಿಂದೆ ತಂದದ್ದು ನಕಲಿ, ಸೇವ್ ಎಲ್ಲ ಅಳಿಸಿಹೋಯಿತು.