ಹಿತ್ತಲಲ್ಲಿ ಮಗಳು ಆಡಬೇಕು, ಯಾವುದರಿಂದ ಶುರು ಮಾಡಲಿ?

ಪುಟ್ಟಿಯ ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂದೂವರೆ ವರ್ಷ. ಬಾಗಿಲು ತೆರೆದರೆ ಸಾಕು, ಹಿತ್ತಲಿಗೆ ಓಟ. ಅಲ್ಲಿ ಒಂದು ಸಿಮೆಂಟ್ ತೊಟ್ಟಿ ಇದೆ, ಬೇಲಿ ಪಕ್ಕ ಸಾಲಾಗಿ ಕಣಗಿಲೆ, ಮೂಲೆಯಲ್ಲಿ ಗೊಬ್ಬರದ ಗುಂಡಿ. ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಬೇರೆ. ಎಲ್ಲ ಕಿತ್ತು ಹಾಕಿ ಕಾಂಕ್ರೀಟ್ ಹಾಕಿಸಿಬಿಡೋಣ ಅನ್ನುತ್ತಾರೆ ಮನೆಯಲ್ಲಿ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಮಣ್ಣುಕೈ ಅಜ್ಜಿ:
ಕಾಂಕ್ರೀಟ್ ಬೇಡಪ್ಪ. ಮಗು ಬೀಳದೆ ಇರುವುದಿಲ್ಲ, ಬಿದ್ದಾಗ ಕೆಳಗೆ ಹುಲ್ಲೋ ಮಣ್ಣೋ ಇರಲಿ.

ಮೊದಲು ನೀರು ನೋಡು. ಇವತ್ತೇ. ಈ ವಯಸ್ಸಿಗೆ ಮೈಗೆ ಹೋಲಿಸಿದರೆ ತಲೆ ಭಾರ. ತೊಟ್ಟಿಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತಾರೆ, ಎದ್ದು ಬರುವಷ್ಟು ಬಲ ತೋಳಲ್ಲಿ ಇರುವುದಿಲ್ಲ. ಐದು ಸೆಂಟಿಮೀಟರ್ ನೀರಿದ್ದರೂ ಸಾಕು ಮುಳುಗಲು. ಕೂಗಿದರೆ ಓಡಿ ಹೋಗೋಣ ಅಂದುಕೊಳ್ಳಬೇಡ, ಹೆಚ್ಚಾಗಿ ಸದ್ದೇ ಬರುವುದಿಲ್ಲ. ತೊಟ್ಟಿ ಖಾಲಿ ಮಾಡಿ ಮಣ್ಣು ತುಂಬಿಸಿ ಗಿಡ ನೆಟ್ಟುಬಿಡು. ಬೇಕೇ ಬೇಕು ಅಂದರೆ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸು, ಬೀಗ ಸಮೇತ. ಮೇಲೊಂದು ಪ್ಲಾಸ್ಟಿಕ್ ಶೀಟು ಹೊದಿಸಿ ಆಯ್ತು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಮುಚ್ಚಳವಲ್ಲ, ಬೋನು. ಬಕೆಟ್ ಬಳಸಿದ ಕೂಡಲೇ ಕವುಚಿಡು. ಮಳೆ ನಿಂತ ಮೇಲೆ ಖಾಲಿ ಕುಂಡ, ತಳ್ಳುಗಾಡಿ ಎಲ್ಲದರ ನೀರು ಚೆಲ್ಲು.

ಆಮೇಲೆ ಕಣಗಿಲೆ. ಚೆಂದದ ಗಿಡ, ನನಗೂ ಇಷ್ಟ, ಆದರೆ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ, ಅದಕ್ಕೆ ಬಿದ್ದ ಎಲೆಯನ್ನೂ ಬಿಡದೆ ಗುಡಿಸಬೇಕು. ಕೈಗವಸು ಹಾಕಿಕೊಂಡು ಬೇರು ಸಮೇತ ತೆಗೆ. ಸುಡಬೇಡ, ಹೊಗೆಯೂ ಒಳ್ಳೆಯದಲ್ಲ. ಹರಳು ಗಿಡ, ಉಮ್ಮತ್ತಿ, ಗುಲಗಂಜಿ ಬಳ್ಳಿ ಇದ್ದರೆ ಅವೂ ಹೋಗಲಿ. ಗುಲಗಂಜಿಯಂತೂ ಕೆಂಪಗೆ ಹೊಳೆಯುತ್ತದೆ, ಮೇಲೊಂದು ಕಪ್ಪು ಚುಕ್ಕೆ. ಯಾವ ಮಗು ಬಿಡುತ್ತದೆ ಹೇಳು?

ಏನಾದರೂ ಜಗಿದಳು ಅನ್ನಿಸಿದರೆ ವಾಂತಿ ಮಾಡಿಸಲು ಹೋಗಬೇಡ. ಬಾಯಲ್ಲಿರುವುದನ್ನು ತೆಗೆದು, ಆ ಗಿಡದ ಒಂದು ಕೊಂಬೆ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗು. ಯಾವ ಗಿಡ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಉಳಿ ಸುತ್ತಿಗೆ:
ಅಜ್ಜಿ ಹೇಳಿದ್ದೆಲ್ಲ ಸರಿ. ಬೇಲಿ ಬಗ್ಗೆ ನಾನೊಂದು ಮಾತು ಸೇರಿಸುತ್ತೇನೆ. ಪಟ್ಟಿಗಳ ನಡುವಿನ ಸಂದು 10 ಸೆಂಟಿಮೀಟರ್‌ಗಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಗಳು ಉದ್ದಕ್ಕೆ ನಿಲ್ಲಿಸಿದವಾಗಿರಲಿ. ಅಡ್ಡ ಪಟ್ಟಿ ಹೊಡೆಸಿದರೆ ಮಗುವಿಗೆ ನೀವೇ ಏಣಿ ಮಾಡಿಕೊಟ್ಟ ಹಾಗೆ. ಬೇಲಿ ಬುಡದಲ್ಲಿ ಕುಂಡ, ಕುರ್ಚಿ ಇಡಬೇಡಿ. ಗೇಟಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿ, ಚಿಲಕ ಮೇಲೆ ಇರಲಿ.

ಪುಟ್ಟಿಯ ಅಪ್ಪ:
ತುಂಬಾ ಥ್ಯಾಂಕ್ಸ್. ತೊಟ್ಟಿ ನೀರು ಈಗಲೇ ಬಿಟ್ಟು ಬಂದೆ. ಇನ್ನೊಂದು ಅನುಮಾನ ಅಜ್ಜಿ. ಮಣ್ಣು ಮುಕ್ಕುತ್ತಾಳಲ್ಲ, ಅದಕ್ಕೇನು?

ಮಣ್ಣುಕೈ ಅಜ್ಜಿ:
ಒಂದು ಚಿಟಿಕೆ ಮಣ್ಣಿಗೆ ಹೆದರಬೇಡ. ಹೆದರಬೇಕಾದ್ದು ಬೆಕ್ಕು, ನಾಯಿಯ ಹೇಲಿಗೆ, ಅದರಲ್ಲಿ ಹುಳದ ಮೊಟ್ಟೆ ಇರುತ್ತದೆ. ಮರಳಿನ ಗುಡ್ಡೆ ಮಾಡಿಕೊಟ್ಟರೆ ಆಟ ಮುಗಿದ ಕೂಡಲೇ ಮುಚ್ಚು, ಇಲ್ಲದಿದ್ದರೆ ಬೆಕ್ಕಿಗೆ ಅದೇ ಪಾಯಿಖಾನೆ. ಒಳಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಸು. ಧನುರ್ವಾಯುವಿನ ರೋಗಾಣು ಮಣ್ಣಲ್ಲೇ ಇರುತ್ತದೆ, ಲಸಿಕೆ ಬಾಕಿ ಇದ್ದರೆ ಹಾಕಿಸು. ಗೊಬ್ಬರದ ಗುಂಡಿಗೆ ಭಾರದ ಮುಚ್ಚಳ ಬೇಕು. ಕೀಟನಾಶಕವನ್ನು ನೀರಿನ ಬಾಟಲಿಗೆ ಮಾತ್ರ ಸುರಿದಿಡಬೇಡ, ಅದರದೇ ಡಬ್ಬಿಯಲ್ಲಿ, ಬೀಗದೊಳಗೆ ಇರಲಿ.

ಹಾಂ, ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಮೈ ಸುಡುವಷ್ಟು ಕಾದಿರುತ್ತದೆ. ಅದನ್ನು ಗಿಡದ ಬುಡಕ್ಕೂ ಬಿಡದೆ ಖಾಲಿ ನೆಲಕ್ಕೆ ಬಿಡು. ತಣ್ಣಗಾದ ಮೇಲೆ ಮಗಳ ಕೈಗೆ ಕೊಡು.