ಸಹಾಯ ಬೇಕು: ಮೊಬೈಲ್ ಆಂಟೆನಾ ನಿಯಮದ ಕರಡು, ಮೂರು ಕಡೆ ಸಿಕ್ಕಿಕೊಂಡಿದೆ

ಸ್ಥಳೀಯ ಸಂಸ್ಥೆಗೆ ಆಂಟೆನಾ ಜಾಗದ ನಿಯಮ ಬರೆಯುತ್ತಿದ್ದೇವೆ. ಇಂಥ ಕರಡು ತಿದ್ದಿದವರು ದಯವಿಟ್ಟು ನೋಡಿ.

ಮೊದಲನೆಯದು ಅಂತರ. "ಶಾಲೆಯಿಂದ ಇಷ್ಟು ಮೀಟರ್ ದೂರ" ಎಂಬ ಒಂದೇ ಸಾಲು ಸಾಕು ಅಂತ ಒತ್ತಾಯವಿದೆ. ಆದರೆ 30 ಮೀಟರ್ ಎತ್ತರದಲ್ಲಿ, 6 ಡಿಗ್ರಿ ಕೆಳಕ್ಕೆ ವಾಲಿದ ಆಂಟೆನಾದ ಮುಖ್ಯ ಕಿರಣ ನೆಲ ಮುಟ್ಟುವುದು ಸುಮಾರು 285 ಮೀಟರ್ ಆಚೆ, ಕಂಬದ ಬುಡದಲ್ಲಲ್ಲ. ಮೇಲಾಗಿ ಗೋಪುರ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಅದಕ್ಕೇ ಮೀಟರ್ ಬದಲು ವಿಕಿರಣ ಮಿತಿಯನ್ನೇ ಬರೆಯೋಣ ಅನ್ನಿಸುತ್ತಿದೆ: ಐಸಿಎನ್‌ಐಆರ್‌ಪಿ (ವಿಕಿರಣ ಸುರಕ್ಷತೆಯ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ) ಪ್ರಕಾರ ಸಾರ್ವಜನಿಕರಿಗೆ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್, 1800ರಲ್ಲಿ 9. ಅಳತೆ ಯಾರು, ಯಾವಾಗ ಮಾಡಬೇಕು ಎಂಬ ಷರತ್ತಿನ ಒಳ್ಳೆಯ ಮಾದರಿ ಇದ್ದರೆ ಕಳಿಸಿ.

ಎರಡನೆಯದು ತಾರಸಿ. ಬೀದಿಗೆ ಕಾಣದಂತೆ ಆಂಟೆನಾವನ್ನು ಅಂಚಿನಿಂದ 3 ಮೀಟರ್ ಒಳಗಿಟ್ಟರೆ ತಾರಸಿಯ ಅಂಚೇ ಕಿರಣಕ್ಕೆ ಅಡ್ಡ. ವಾಲು, ಕಿರಣದ ಅರ್ಧ ಅಗಲ ಸೇರಿ 10 ಡಿಗ್ರಿ ಎಂದುಕೊಂಡರೂ ಆಂಟೆನಾದ ತಳ ಅಂಚಿಗಿಂತ ಅರ್ಧ ಮೀಟರಿಗೂ ಹೆಚ್ಚು ಮೇಲಿರಬೇಕು. ಎತ್ತಿದರೆ ಮತ್ತೆ ಬೀದಿಗೆ ಕಾಣುತ್ತದೆ! ಇದಕ್ಕೆ ಎಂಥ ವಾಕ್ಯ ಬರೆದಿದ್ದೀರಿ?

ಕೊನೆಯದು, ಒಂದೇ ಕಂಬದಲ್ಲಿ ಹಲವು ಕಂಪನಿ. 2 ಮೀಟರ್ ಉದ್ದ, 30 ಸೆಂ.ಮೀ. ಅಗಲದ ಆಂಟೆನಾ ಫಲಕಕ್ಕೆ ಸೆಕೆಂಡಿಗೆ 40 ಮೀಟರ್ ಗಾಳಿಯಲ್ಲಿ 600 ನ್ಯೂಟನ್ ಆಸುಪಾಸು ಬಲ ಬೀಳುತ್ತದೆ, ಆಕಾರ ಗುಣಕ (ಫಲಕದ ಆಕಾರಕ್ಕೆ ತಕ್ಕಂತೆ ಬಲವನ್ನು ಹೊಂದಿಸುವ ಸಂಖ್ಯೆ) ಬಿಟ್ಟು. ಪ್ರತಿ ಕಂಪನಿಗೆ ಮೂರು ದಿಕ್ಕಿಗೆ ಒಂದೊಂದರಂತೆ, ಮೂರು ಕಂಪನಿ ಅಂದರೆ ಕನಿಷ್ಠ ಒಂಬತ್ತು ಫಲಕ. ಭವಿಷ್ಯದ ಹೊರೆಗೆ ಎಷ್ಟು ಶೇಕಡಾ ಮೀಸಲು ಕೇಳುತ್ತೀರಿ?