ಹಳೆಯ ಪೊಲೀಸ್ ಕಾರನ್ನು ದಾನ ಕೊಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಪುಟ್ಟ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಫೋಟೋವನ್ನೂ ಪ್ರಶ್ನೆಯನ್ನೂ ನೋಡಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ ಓದುತ್ತಿದ್ದಾಗ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲಾಡಳಿತದ, ಹರಾಜಿನಲ್ಲಿ ಕೊಂಡಿದ್ದ ಆ ಹಳೆಯ ಪೊಲೀಸ್ ಕಾರನ್ನು, ಈಗ ಕೆಲಸದ ಮೇಲೆ ಬೇರೆ ಊರಿಗೆ ಹೊರಟಿರುವುದರಿಂದ, ಯಾವುದಾದರೂ ಸೇವಾ ಸಂಸ್ಥೆಗೆ ಕೊಟ್ಟುಬಿಡಬೇಕೆಂದು ಬರೆದಿದ್ದೀಯೆ. ಒಂದು ಫೋನ್ ಮಾಡಿದರೆ ಅವರೇ ಬಂದು ಎಳೆದುಕೊಂಡು ಹೋಗುತ್ತಾರೆ, ತೆರಿಗೆಯಲ್ಲಿ 3,000 ಡಾಲರ್ ಉಳಿಯುತ್ತದೆ ಎಂದು ಸ್ನೇಹಿತನೊಬ್ಬ ಹೇಳಿದ್ದು ನಿಜವೇ ಎಂದು ಕೇಳಿದ್ದೀಯೆ. ಅದರ ಕೆಳಗೇ ಮೈಸೂರಿನಿಂದ ಅಮ್ಮ, ನಚಿಕೇತನ ತಂದೆ ಹಾಲು ಬತ್ತಿದ ಹಸುಗಳನ್ನು ದಾನ ಕೊಟ್ಟ ಕಥೆಯನ್ನು ನೆನಪಿಸಿ, ನಮಗೆ ಬೇಡವಾದದ್ದನ್ನು ಕೊಟ್ಟರೆ ಅದು ದಾನವಾಗುತ್ತದೆಯೇ ಎಂದು ಕೇಳಿದ್ದಾರೆ. ಅಮ್ಮನ ಪ್ರಶ್ನೆಯೇ ದೊಡ್ಡದು. ಆದರೆ ನಿನ್ನ 3,000 ಡಾಲರಿನ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಗ್ರಂಥಾಲಯದಲ್ಲಿ ಕುಳಿತು ಜನರಿಗೆ ತೆರಿಗೆ ಅರ್ಜಿ ತುಂಬಿಕೊಡುವ ಸೇವೆಯಲ್ಲಿ ಈ ತಪ್ಪು ಕಲ್ಪನೆಯನ್ನು ಪ್ರತಿ ವರ್ಷವೂ ಕೇಳುತ್ತೇನೆ.

ಒಂದು ಕಾಲದಲ್ಲಿ ನಿನ್ನ ಸ್ನೇಹಿತ ಹೇಳಿದಂತೆಯೇ ನಡೆಯುತ್ತಿತ್ತು. ಕಾರಿನ ಮಾರುಕಟ್ಟೆ ಬೆಲೆ ಇಷ್ಟು ಎಂದು ದಾನಿಯೇ ಹಳೆಯ ಕಾರುಗಳ ಬೆಲೆಪಟ್ಟಿಯ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ. 2003ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 54 ಕಾರುಗಳ ಜಾಡು ಹಿಡಿದು ನೋಡಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ, ದಾನಿ ಬರೆದುಕೊಂಡ ಬೆಲೆಯ ಶೇಕಡಾ 5ರಷ್ಟು ಅಥವಾ ಅದಕ್ಕಿಂತ ಕಡಿಮೆ ಹಣ ಮಾತ್ರ ಸೇವಾ ಸಂಸ್ಥೆಯ ಕೈ ಸೇರಿತ್ತು. ಉಳಿದದ್ದರಲ್ಲಿ ಒಂದು ಪಾಲು ಎಳೆದೊಯ್ಯುವವರಿಗೆ, ಹರಾಜು ಹಾಕುವವರಿಗೆ, ಜಾಹೀರಾತಿಗೆ ಮತ್ತು ನಡುವಿನ ದಲ್ಲಾಳಿಗಳಿಗೆ ಹೋಗಿತ್ತು; ಇನ್ನೊಂದು ಪಾಲು ದಾನಿ ಏರಿಸಿ ಬರೆದ ಬೆಲೆಯಷ್ಟೇ, ನಿಜವಾದ ಹಣವಲ್ಲ. ಆ ಮೇಲೆ 2004ರಲ್ಲಿ ಕಾನೂನು ಬದಲಾಯಿತು. ಈಗ ಸಂಸ್ಥೆ ಕಾರನ್ನು ಮಾರಿದರೆ, ಮಾರಿದ ಬೆಲೆಯಷ್ಟನ್ನೇ ನೀನು ತೋರಿಸಬಹುದು. 500 ಡಾಲರಿಗಿಂತ ಕಡಿಮೆಗೆ ಹೋದರೆ 500 ಅಥವಾ ನಿಜವಾದ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅವರು ಮಾರಿದ 30 ದಿನಗಳೊಳಗೆ 1098-ಸಿ ಎಂಬ ಪತ್ರವನ್ನು ನಿನಗೆ ಕಳುಹಿಸಬೇಕು. ನಿನ್ನ ಕಾರು 700 ಡಾಲರಿಗೆ ಹೋಯಿತೆಂದುಕೋ. ಆ 700 ಕಳೆಯುವುದು ನಿನ್ನ ಆದಾಯದಿಂದ, ತೆರಿಗೆಯಿಂದಲ್ಲ. ಶೇಕಡಾ 22ರ ದರದಲ್ಲಿರುವವನಿಗೆ ಉಳಿಯುವುದು ಹೆಚ್ಚೆಂದರೆ 154 ಡಾಲರ್. ಅದೂ ನೀನು ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಿದರೆ ಮಾತ್ರ. ಒಂಟಿಯಾಗಿರುವವರಿಗೆ 2025ರ ಸಾಲಿಗೆ 15,750 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ ತಾನಾಗಿಯೇ ಸಿಗುತ್ತದೆ. ಬಿಡಿಬಿಡಿ ಖರ್ಚುಗಳ ಮೊತ್ತ ಅದನ್ನು ಮೀರಿದರೆ ಮಾತ್ರ ಲಾಭ; ಮನೆಯ ಸಾಲವಿಲ್ಲದ ನಿನಗೆ ಅದು ಕಷ್ಟ. ಆದ್ದರಿಂದ ತೆರಿಗೆಯ ಆಸೆಯನ್ನು ಇಲ್ಲಿಗೇ ಬಿಟ್ಟುಬಿಡು. ಕೊಡುವ ಮನಸ್ಸಿದ್ದರೆ ಕೊಡು.

ಈಗ ಕಾರಿನ ಮಾತು. ಫೋಟೋದಲ್ಲಿರುವುದು 2010ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಎಂದು ಬರೆದಿದ್ದೀಯೆ. ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ 2011ರ ಸೆಪ್ಟೆಂಬರಿನಲ್ಲಿ ಈ ಮಾದರಿಯ ತಯಾರಿಕೆಯೇ ನಿಂತುಹೋಯಿತು. 4.6 ಲೀಟರಿನ ವಿ-8 ಎಂಜಿನ್, ಗಟ್ಟಿ ಚೌಕಟ್ಟಿನ ಮೇಲೆ ಕೂರಿಸಿದ ಮೈ. ಪೊಲೀಸರೂ ಟ್ಯಾಕ್ಸಿಯವರೂ ಇದನ್ನು ನೆಚ್ಚಿಕೊಂಡಿದ್ದಕ್ಕೆ ಕಾರಣವಿದೆ. ಆದರೆ ಪೊಲೀಸ್ ಕಾರಿನ ಸವೆತ ಮೈಲಿಯ ಲೆಕ್ಕದಲ್ಲಿ ಕಾಣುವುದಿಲ್ಲ. ಅದು ರಸ್ತೆಯ ಪಕ್ಕದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ದಿನವಿಡೀ ನಿಂತಿರುತ್ತದೆ. ಹಾಗೆ ನಿಂತ ಒಂದು ಗಂಟೆಯನ್ನು ಸುಮಾರು 33 ಮೈಲಿ ಓಡಿದಂತೆ ಎಣಿಸಬೇಕೆಂದು ಫೋರ್ಡ್ ಕಂಪನಿಯೇ ಹೇಳುತ್ತಿತ್ತು. ನಿನ್ನ ಕಾರು 3,000 ಗಂಟೆ ಹಾಗೆ ನಿಂತಿದ್ದರೆ, ಓಡೋಮೀಟರಿನಲ್ಲಿ ಕಾಣದ 99,000 ಮೈಲಿ ಅದರ ಎಂಜಿನ್ನಿನ ಮೈಮೇಲಿದೆ. ಕೊಡುವಾಗ ಇದನ್ನು ಮುಚ್ಚಿಡಬಾರದು.

ಅದಕ್ಕಿಂತ ಮುಖ್ಯವಾದದ್ದು ಹಿಂದಿನ ಸೀಟು. ಬಂಧಿತರನ್ನು ಕೂರಿಸಲೆಂದು ಮಾಡಿದ ಈ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಬಾಗಿಲು ಒಳಗಿನಿಂದ ತೆರೆಯದಂತೆ, ಕಿಟಕಿಯ ಗಾಜು ಇಳಿಯದಂತೆ ಮಾಡಿರುತ್ತಾರೆ. ನೀನು ಒಬ್ಬನೇ ಓಡಾಡುತ್ತಿದ್ದುದರಿಂದ ಇದು ನಿನ್ನ ಗಮನಕ್ಕೆ ಬಂದಿರಲಿಕ್ಕಿಲ್ಲ. ಇದೇ ಕಾರು ಎರಡು ಮಕ್ಕಳಿರುವ ತಾಯಿಯೊಬ್ಬಳ ಕೈಗೆ ಹೋಗಿ, ಅಪಘಾತವಾದಾಗ ಮಕ್ಕಳು ಒಳಗಿನಿಂದ ಬಾಗಿಲು ತೆರೆಯಲಾಗದೆ ಕುಳಿತಿರುವುದನ್ನು ನೆನೆಸಿಕೊಂಡರೆ ನನಗೆ ನಡುಕ ಬರುತ್ತದೆ. ಕೊಡುವ ಮೊದಲು ನೀನೇ ಹಿಂದೆ ಕುಳಿತು, ಬಾಗಿಲು ಹಾಕಿಸಿಕೊಂಡು, ತೆರೆದು ನೋಡು.

ಬಾಗಿಲಿನ ಮೇಲಿದ್ದ ಅಕ್ಷರಗಳ ವಿಷಯವೂ ಇದೆ. ಹರಾಜಿಗೆ ಮುನ್ನ ಕೌಂಟಿಯವರು ದೀಪಗಳನ್ನೂ ಸ್ಟಿಕ್ಕರುಗಳನ್ನೂ ತೆಗೆದಿದ್ದಾರೆ, ನಿಜ. ಆದರೆ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುವುದರಿಂದ, ಸ್ಟಿಕ್ಕರಿನ ಕೆಳಗಿದ್ದ ಜಾಗ ಅಕ್ಷರದ ಆಕಾರದಲ್ಲೇ ಉಳಿದುಕೊಂಡಿದೆ. ನಿನ್ನ ಎರಡನೆಯ ಫೋಟೋದಲ್ಲಿ ನಾನು ಅದನ್ನು ಓದಿದೆ. ಕಾರಿನ ಮುಂದಿನ ಗಾಜಿನ ಪಕ್ಕದ ಕಂಬದ ಬಳಿಯ ದೊಡ್ಡ ಸ್ಪಾಟ್‌ಲೈಟೂ ಹಾಗೆಯೇ ಇದೆ. ಇಂಥ ಕಾರು ಹರಾಜಿನಲ್ಲಿ ಯಾರ ಕೈಗೆ ಸಿಗುತ್ತದೆಂದು ಹೇಳಲಾಗದು; ಪೊಲೀಸರಂತೆ ನಟಿಸಿ ರಾತ್ರಿಯ ಹೊತ್ತು ಒಂಟಿ ಹೆಂಗಸಿನ ಕಾರನ್ನು ನಿಲ್ಲಿಸುವವನಿಗೆ ಅದು ಸಿಗಬಾರದು. ಬಾಗಿಲನ್ನು ಪಾಲಿಶ್ ಹಾಕಿ ಉಜ್ಜಿಸು, ಹೋಗದಿದ್ದರೆ ಆ ಭಾಗಕ್ಕೆ ಬಣ್ಣ ಹೊಡೆಸು, ಸ್ಪಾಟ್‌ಲೈಟನ್ನೂ ಬಿಚ್ಚಿಸು. ಖರ್ಚನ್ನು ನಾನು ಕೊಡುತ್ತೇನೆ.

ಯಾರಿಗೆ ಕೊಡಬೇಕೆಂಬುದಕ್ಕೆ ನನ್ನ ಮನಸ್ಸಿನಲ್ಲಿರುವುದು ವೆಹಿಕಲ್ಸ್ ಫಾರ್ ಚೇಂಜ್. 1999ರಲ್ಲಿ ಇದೇ ಮೇರಿಲ್ಯಾಂಡಿನಲ್ಲಿ ಆರಂಭವಾದ ಸಂಸ್ಥೆ ಅದು. ದಾನವಾಗಿ ಬಂದ ಕಾರುಗಳನ್ನು ರಿಪೇರಿ ಮಾಡಿ, ಕೆಲಸಕ್ಕೆ ಹೋಗಲು ವಾಹನವಿಲ್ಲದ ಬಡ ಕುಟುಂಬಗಳಿಗೆ ಕಡಿಮೆ ಬೆಲೆಗೆ ಕೊಡುತ್ತಾರೆ. ಜೈಲಿನಿಂದ ಹೊರಬಂದವರಿಗೆ ಅಲ್ಲಿಯೇ ಮೆಕ್ಯಾನಿಕ್ ಕೆಲಸ ಕಲಿಸುತ್ತಾರೆ. ಬಂದ ಕಾರುಗಳೆಲ್ಲ ಕುಟುಂಬಗಳಿಗೇ ಹೋಗುವುದಿಲ್ಲ, ತಕ್ಕುದಲ್ಲದವನ್ನು ಮಾರುತ್ತಾರೆ, ಮತ್ತು ನಿನ್ನ ಕಾರು ಕುಟುಂಬಕ್ಕೆ ಹೋಗದಿದ್ದರೇ ಒಳ್ಳೆಯದೆಂದು ನನಗನ್ನಿಸುತ್ತದೆ. ಊರೊಳಗೆ ಗ್ಯಾಲನ್ನಿಗೆ 15 ಮೈಲಿಯ ಆಸುಪಾಸು ಕೊಡುವ ಕಾರು, ಸಂಬಳ ಬರುವ ಮೊದಲೇ ಪೆಟ್ರೋಲಿಗೆ ಲೆಕ್ಕ ಹಾಕುವ ಮನೆಗೆ ಹೊರೆ. ಆದರೆ ಕೆಲಸ ಕಲಿಯುವವರಿಗೆ ಅದು ಒಳ್ಳೆಯ ಪಾಠವಾಗುತ್ತದೆ. ಅಲ್ಲಿ ಒಗ್ಗದಿದ್ದರೆ, ವಾಹನ ರಿಪೇರಿ ಕಲಿಸುವ ಕಮ್ಯುನಿಟಿ ಕಾಲೇಜುಗಳಲ್ಲಿ ವಿಚಾರಿಸು. ಸಂಸ್ಥೆ ಕಾರನ್ನು ಮಾರದೆ ತನ್ನ ಕೆಲಸಕ್ಕೇ ಗಣನೀಯವಾಗಿ ಬಳಸಿಕೊಂಡರೆ ಪೂರ್ತಿ ಮಾರುಕಟ್ಟೆ ಬೆಲೆಯನ್ನು ತೋರಿಸಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಅವರೇ ಆ 1098-ಸಿ ಪತ್ರದಲ್ಲಿ ಬರೆದುಕೊಡಬೇಕು.

ಅಮ್ಮ, ನಿಮ್ಮ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು. ಹಸು ಹಾಲು ಕೊಡುವುದಿಲ್ಲವೆಂದು ಮೊದಲೇ ಹೇಳಿ, ಗೊಬ್ಬರಕ್ಕಾದರೂ ಸಾಕುವವರ ಕೊಟ್ಟಿಗೆಯನ್ನು ಹುಡುಕಿ, ಅಲ್ಲಿಯವರೆಗೆ ನಾವೇ ಹೊಡೆದುಕೊಂಡು ಹೋಗಿ ಬಿಟ್ಟರೆ ಅದು ದಾನವೇ. ಹಾಲಿನ ಹಸುವಿನ ಬೆಲೆ ಬರೆಸಿಕೊಂಡು ಕಣ್ಣು ಮುಚ್ಚಿ ಅಟ್ಟಿದರೆ ಅಲ್ಲ.

ಕಾಗದಪತ್ರದಲ್ಲಿ ನಾವು ಎಡವಿದ್ದನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ನಿನ್ನ ದೊಡ್ಡಪ್ಪ ಹಳೆಯ ವ್ಯಾನನ್ನು ಹೀಗೆಯೇ ಒಂದು ಫೋನ್ ಕರೆಯ ಮೇಲೆ ಕೊಟ್ಟುಬಿಟ್ಟರು. ಬಂದ ಹುಡುಗ ಆತುರಪಡಿಸಿದನೆಂದು ನಂಬರ್ ಪ್ಲೇಟು ಬಿಚ್ಚಲಿಲ್ಲ, ವಾಹನದ ಒಡೆತನ ತೋರಿಸುವ ಟೈಟಲ್ ಪತ್ರದಲ್ಲಿ ಪಡೆಯುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದರು. ಎರಡು ತಿಂಗಳಾದ ಮೇಲೆ ಬಂದರಿನ ಸುರಂಗದ ಟೋಲ್ ಬಿಲ್ಲುಗಳು ಒಂದರ ಹಿಂದೊಂದರಂತೆ ನಮ್ಮ ಮನೆಗೆ ಬಂದವು. ಯಾರೋ ಆ ವ್ಯಾನನ್ನು ನಮ್ಮ ಹೆಸರಿನಲ್ಲೇ ಓಡಿಸುತ್ತಿದ್ದರು. ಅದು ನಾವಲ್ಲವೆಂದು ಸಾಧಿಸಲು ನನಗೆ ಇಡೀ ಚಳಿಗಾಲ ಹಿಡಿಯಿತು. ತೆಗೆದುಕೊಂಡು ಹೋದವರು ಒಮ್ಮೆಯೂ ಫೋನ್ ಎತ್ತಲಿಲ್ಲ. ಆದ್ದರಿಂದ ಟೈಟಲ್ಲಿನಲ್ಲಿ ಸಂಸ್ಥೆಯ ಪೂರ್ಣ ಹೆಸರನ್ನು ನೀನೇ ಬರೆ, ಪ್ರತಿಯ ಫೋಟೋ ಇಟ್ಟುಕೋ, ರಸೀದಿ ಕೈಗೆ ಬರುವವರೆಗೆ ಕೀಲಿ ಕೊಡಬೇಡ. ಪ್ಲೇಟನ್ನು ಬಿಚ್ಚಿ ಎಂವಿಎ ಎಂಬ ರಾಜ್ಯದ ವಾಹನ ನೋಂದಣಿ ಕಚೇರಿಗೆ ಒಪ್ಪಿಸು, ಆಮೇಲೆ ವಿಮೆಯನ್ನು ನಿಲ್ಲಿಸು. ಮೇರಿಲ್ಯಾಂಡಿನಲ್ಲಿ ಈ ಕ್ರಮ ತಪ್ಪಿದರೆ ದಂಡ ಬೀಳುತ್ತದೆ.

ಇವತ್ತು ಸಂಜೆ ಎಂಜಿನ್ ಗಂಟೆಗಳ ಲೆಕ್ಕ ತೋರಿಸುವ ಪರದೆಯ ಫೋಟೋ ಕಳುಹಿಸು. ಶನಿವಾರ ಬೆಳಿಗ್ಗೆ ದೊಡ್ಡಪ್ಪನೂ ನಾನೂ ಪಾಲಿಶ್ ಡಬ್ಬಿ ತೆಗೆದುಕೊಂಡು ಬರುತ್ತೇವೆ. ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಪರೀಕ್ಷಿಸುವ ಕೆಲಸವನ್ನು ಆಗಲೇ ಮಾಡೋಣ, ಹೊರಗಿನಿಂದ ತೆರೆಯಲು ಯಾರಾದರೂ ಇರಬೇಕಲ್ಲ.